ಬೂಷ್ಟು ಒರೆಸಿದರೆ ನಂಜು ಹೋದೀತೆ?

ನಾನು ಚಿಕ್ಕವನಿದ್ದಾಗ ನಮ್ಮ ಮನೆಗೆ ಒಣದ್ರಾಕ್ಷಿ ಬರುತ್ತಿದ್ದುದು ವರ್ಷಕ್ಕೆ ಎರಡೋ ಮೂರೋ ಸಲ. ಯುಗಾದಿಯ ಪಾಯಸಕ್ಕೆ, ಸತ್ಯನಾರಾಯಣ ಪೂಜೆಯ ಸಜ್ಜಿಗೆಗೆ, ಇಲ್ಲವೇ ಯಾರದಾದರೂ ಬಾಣಂತನಕ್ಕೆ. ಕಾಗದದ ಪೊಟ್ಟಣದಲ್ಲಿ ನೂರು ಗ್ರಾಂ ಬಂದರೆ ಅಮ್ಮ ಅದನ್ನು ಸಾಸಿವೆ ಡಬ್ಬಿಯ ಹಿಂದೆ ಬಚ್ಚಿಡುತ್ತಿದ್ದಳು. ಅಂಜೂರದ ಮಾತಂತೂ ದೂರವೇ ಉಳಿಯಿತು. ಈಗ ಹಾಗಿಲ್ಲ. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಹತ್ತಿರ ಬಂತೆಂದರೆ ಸಾಕು, ನಮ್ಮ ಶಾಲೆಯ ಮಕ್ಕಳ ಊಟದ ಡಬ್ಬಿಯಲ್ಲಿ ಬಾದಾಮಿ, ಅಂಜೂರ, ಖರ್ಜೂರ, ಒಣದ್ರಾಕ್ಷಿ ಕಾಣಿಸಿಕೊಳ್ಳುತ್ತವೆ. ನೆನಪಿನ ಶಕ್ತಿ ಹೆಚ್ಚುತ್ತದೆ ಎಂಬ ನಂಬಿಕೆ. ಹೆಚ್ಚುತ್ತದೋ ಇಲ್ಲವೋ, ಚಿಪ್ಸ್ ಪೊಟ್ಟಣಕ್ಕಿಂತ ಇದು ಎಷ್ಟೋ ಮೇಲು ಎಂದು ನಾನೂ ಸುಮ್ಮನಿರುತ್ತೇನೆ.

ಎಂಟನೆಯ ತರಗತಿಯಲ್ಲಿ ಸೂಕ್ಷ್ಮಜೀವಿಗಳ ಪಾಠ ಮಾಡುತ್ತಿದ್ದಾಗ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಸಾರ್, ಅಂಜೂರಕ್ಕೆ ಬೂಷ್ಟು ಬಂದಿತ್ತು. ಅಜ್ಜಿ ಬಟ್ಟೆಯಲ್ಲಿ ಒರೆಸಿ, ಬಿಸಿಲಿಗಿಟ್ಟು, ಏನೂ ಆಗಲ್ಲ ತಿನ್ನು ಅಂದರು. ತಿನ್ನಬಹುದಾ?" ತಿನ್ನಬೇಡ ಎಂದು ಒಂದು ಮಾತಿನಲ್ಲಿ ಹೇಳಿ ಕೂರಿಸಿದೆ. ಆದರೆ ಯಾಕೆ ತಿನ್ನಬಾರದು ಎಂಬುದಕ್ಕೆ ನಲವತ್ತು ನಿಮಿಷದ ಪೀರಿಯಡ್ಡು ಸಾಲದು. ಆ ಉತ್ತರವನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಬರೆಯುತ್ತಿದ್ದೇನೆ. ಅಜ್ಜಿಯಂದಿರೂ ಓದಲಿ ಎಂಬ ಆಸೆ ನನ್ನದು.

ಮೊದಲು ಬೂಷ್ಟು ಎಂದರೇನು ನೋಡೋಣ. ಹಣ್ಣಿನ ಮೇಲೆ ಹಸಿರಾಗಿಯೋ ಕಪ್ಪಾಗಿಯೋ ಕಾಣುವ ಪುಡಿ ಬೂಷ್ಟಿನ ಒಂದು ಭಾಗ ಮಾತ್ರ. ಅದು ಅದರ ಬೀಜಕಗಳ ರಾಶಿ. ಮಾವಿನ ಮರದಲ್ಲಿ ಕಾಯಿ ಕಂಡರೆ ನೆಲದೊಳಗೆ ಬೇರು ಇದ್ದೇ ಇದೆ ಎಂದು ನಮಗೆ ಗೊತ್ತು. ಇಲ್ಲಿಯೂ ಹಾಗೆಯೇ. ಪುಡಿ ಕಾಣಿಸುವ ಹೊತ್ತಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಹಣ್ಣಿನ ತಿರುಳಿನೊಳಗೆ ಹಬ್ಬಿ, ಸಕ್ಕರೆ ಹೀರಿ, ಬೆಳೆದು ಎಷ್ಟೋ ದಿನವಾಗಿರುತ್ತದೆ. ಕೆಲವು ಜಾತಿಯ ಬೂಷ್ಟುಗಳು ಹೀಗೆ ಬೆಳೆಯುವಾಗ ಒಂದು ಬಗೆಯ ನಂಜನ್ನು ತಯಾರಿಸಿ ಸುತ್ತಲಿನ ತಿರುಳಿಗೆ ಬಿಡುತ್ತವೆ. ಬಟ್ಟೆಯಿಂದ ಒರೆಸಿದಾಗ ಹೋಗುವುದು ಬೀಜಕ. ನಂಜು ಇದ್ದಲ್ಲೇ ಇರುತ್ತದೆ. ಬಿಸಿಲಿಗಿಟ್ಟರೆ ಬೂಷ್ಟು ಸತ್ತೀತು. ನಂಜಿಗೆ ಜೀವವಿಲ್ಲ, ಅದು ಸಾಯುವುದೆಲ್ಲಿ?

ಎಲ್ಲ ಬೂಷ್ಟೂ ಕೆಟ್ಟದ್ದಲ್ಲ ಎಂಬುದನ್ನೂ ಹೇಳಿಬಿಡಬೇಕು. ಪೆನಿಸಿಲಿನ್ ಸಿಕ್ಕಿದ್ದು ಬೂಷ್ಟಿನಿಂದಲೇ. ಜಪಾನಿನವರು ಸೋಯಾ ಸಾಸ್ ಮಾಡಲು ಬಳಸುವ ಆಸ್ಪರ್ಜಿಲಸ್ ಒರೈಜೆ ಎಂಬ ಬೂಷ್ಟು, ನಾನೀಗ ಹೇಳಲಿರುವ ವಿಷಕಾರಿ ಬೂಷ್ಟಿನ ಹತ್ತಿರದ ದಾಯಾದಿ. ಒಂದೇ ಮನೆತನದಲ್ಲಿ ಒಬ್ಬ ಸಾಧು, ಇನ್ನೊಬ್ಬ ಕೇಡಿ. ಅಂದಹಾಗೆ ಆ ಮನೆತನಕ್ಕೆ ಆಸ್ಪರ್ಜಿಲಸ್ ಎಂದು ಹೆಸರಿಟ್ಟವನು ಇಟಲಿಯ ಮಿಕೇಲಿ ಎಂಬ ಪಾದ್ರಿ, 1729ರಲ್ಲಿ. ಸೂಕ್ಷ್ಮದರ್ಶಕದಲ್ಲಿ ಕಂಡ ಬೂಷ್ಟಿನ ತಲೆ ಅವನಿಗೆ ಇಗರ್ಜಿಯಲ್ಲಿ ಪವಿತ್ರ ಜಲ ಚಿಮುಕಿಸುವ ಸಾಧನದಂತೆ ತೋರಿತಂತೆ.

ಈ ನಂಜಿನ ಕಥೆ ವಿಜ್ಞಾನಿಗಳಿಗೆ ತಿಳಿದದ್ದು ಹಣ್ಣಿನಿಂದಲ್ಲ, ಕೋಳಿಯಿಂದ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಕೆಲವೇ ತಿಂಗಳುಗಳಲ್ಲಿ ಸತ್ತವು. ಯಾವ ರೋಗಾಣುವೂ ಸಿಗಲಿಲ್ಲ. ಏನೆಂದು ತಿಳಿಯದೆ 'ಟರ್ಕಿ ಎಕ್ಸ್ ರೋಗ' ಎಂದು ಹೆಸರಿಟ್ಟರು. ಬೀಜಗಣಿತದಲ್ಲಿ ಗೊತ್ತಿಲ್ಲದ್ದನ್ನೆಲ್ಲ ನಾವು ಎಕ್ಸ್ ಎನ್ನುತ್ತೇವಲ್ಲ, ಹಾಗೆ. ಬಾತುಕೋಳಿ ಮರಿಗಳೂ ಸತ್ತವು. ಹುಡುಕುತ್ತ ಹೋದಾಗ ಸತ್ತ ಕೋಳಿಗಳಿಗೆಲ್ಲ ಸಮಾನವಾಗಿದ್ದದ್ದು ಮೇವು, ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿ. ಅದರಲ್ಲಿ ಬೆಳೆದಿದ್ದ ಬೂಷ್ಟು ಆಸ್ಪರ್ಜಿಲಸ್ ಫ್ಲೇವಸ್. ಮೊದಲ ಪದದ 'ಆ', ಎರಡನೆಯದರ 'ಫ್ಲಾ', ಜೊತೆಗೆ ವಿಷವೆಂಬ ಅರ್ಥದ 'ಟಾಕ್ಸಿನ್' ಸೇರಿಸಿ ಅದು ತಯಾರಿಸಿದ ನಂಜಿಗೆ ಅಫ್ಲಾಟಾಕ್ಸಿನ್ ಎಂದು ನಾಮಕರಣವಾಯಿತು. ನೇರಳಾತೀತ ಬೆಳಕಿನಲ್ಲಿ ಅದರ ಕೆಲವು ಬಗೆಗಳು ನೀಲಿಯಾಗಿ ಹೊಳೆದವು, ಕೆಲವು ಹಸಿರಾಗಿ. ಇಂಗ್ಲಿಷಿನಲ್ಲಿ ನೀಲಿಗೆ ಬ್ಲೂ, ಹಸಿರಿಗೆ ಗ್ರೀನ್ ತಾನೇ? ಹಾಗಾಗಿ ಬಿ1, ಬಿ2, ಜಿ1, ಜಿ2. ಅವುಗಳಲ್ಲಿ ಅತಿ ಕ್ರೂರಿ ಬಿ1. ಅದರ ರಚನೆಯನ್ನು 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಕಂಡುಹಿಡಿದರು.

ಟರ್ಕಿ ಕೋಳಿಗೂ ಟರ್ಕಿ ದೇಶಕ್ಕೂ ಈ ಕಥೆಯಲ್ಲಿ ಸಂಬಂಧವಿಲ್ಲ. ಆದರೆ ಒಣಹಣ್ಣಿನ ಮಾತಿಗೆ ಬಂದರೆ ನಾವು ಹೋಗಬೇಕಾದದ್ದು ಆ ದೇಶಕ್ಕೇ. ಈಗ ತುರ್ಕಿಯೆ ಎಂದು ಕರೆಸಿಕೊಳ್ಳುವ ಅಲ್ಲಿಯಷ್ಟು ಒಣ ಅಂಜೂರವನ್ನು ಜಗತ್ತಿನ ಬೇರೆ ಯಾವ ದೇಶವೂ ತಯಾರಿಸುವುದಿಲ್ಲ. ಅದರ ಪಶ್ಚಿಮ ಭಾಗದಲ್ಲಿ ಐದಿನ್ ಎಂಬ ಪ್ರಾಂತವಿದೆ, ಮೆಂದೆರೆಸ್ ನದಿಯ ಕಣಿವೆ. ಅಲ್ಲಿ ಬೆಳೆಯುವುದು ಸಾರಿಲೋಪ್ ಎಂಬ ತಳಿ. ನಾವು ಮಾವನ್ನು ಕಿತ್ತಂತೆ ಅಲ್ಲಿ ಒಣಗಿಸುವ ಅಂಜೂರವನ್ನು ಕೀಳುವುದಿಲ್ಲ. ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಹಣ್ಣು ಮರದಲ್ಲೇ ಮಾಗಿ, ಅಲ್ಲೇ ಅರ್ಧ ಬಾಡಿ, ತಾನಾಗಿ ನೆಲಕ್ಕೆ ಬೀಳುತ್ತದೆ. ಆಮೇಲೆ ಆಯ್ದು ತಟ್ಟೆಗಳಲ್ಲಿ ಹರವಿ ಕೆಲವು ದಿನ ಬಿಸಿಲಿಗಿಡುತ್ತಾರೆ.

ತೊಂದರೆ ಶುರುವಾಗುವುದು ಇಲ್ಲೇ. ಅಂಜೂರ ನಮ್ಮ ಅತ್ತಿಯ ಜಾತಿಗೇ ಸೇರಿದ ಹಣ್ಣು. ಅತ್ತಿಹಣ್ಣು ಬಿಡಿಸಿದರೆ ಹುಳ ಎಂಬ ಮಾತು ನಮ್ಮಲ್ಲಿದೆಯಲ್ಲ, ಅದರಲ್ಲಿ ಒಳ್ಳೆಯ ಸಸ್ಯಶಾಸ್ತ್ರ ಅಡಗಿದೆ. ಅತ್ತಿ, ಅಂಜೂರಗಳ ಹೂವು ಹೊರಗಡೆ ಅರಳುವುದಿಲ್ಲ. ಚೀಲದಂತಹ ಕಾಯಿಯ ಒಳಗೋಡೆಗೆ ನೂರಾರು ಹೂಗಳು ಅಂಟಿಕೊಂಡಿರುತ್ತವೆ. ತುದಿಯಲ್ಲಿ ಒಂದು ಸಣ್ಣ ಕಂಡಿ. ಅದರ ಮೂಲಕ ಸೊಳ್ಳೆಗಿಂತ ಸಣ್ಣ ಕಣಜವೊಂದು ಒಳಗೆ ಹೋಗಿ ಪರಾಗ ಮುಟ್ಟಿಸಬೇಕು; ಸಾರಿಲೋಪ್ ತಳಿಗೆ ಆ ಕಣಜ ಬಾರದಿದ್ದರೆ ಹಣ್ಣೇ ಇಲ್ಲ. ಕಣಜ ಹೋಗುವ ದಾರಿಯಲ್ಲಿ ಬೂಷ್ಟಿನ ಬೀಜಕಗಳೂ ಹೋಗಬಲ್ಲವು. ಒಳಗೆ ಕತ್ತಲು, ತೇವ, ಸಕ್ಕರೆ, ಬೆಚ್ಚನೆ ಹವೆ. ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಮನೆ ಬೇಕೆ? ಹಾಗಾಗಿ ಹೊರಗೆ ಚಿನ್ನದಂತೆ ಹೊಳೆಯುವ ಹಣ್ಣಿನ ಒಳಗೆ ನಂಜು ತುಂಬಿರುವ ಸಾಧ್ಯತೆ ಇದೆ. ನೆಲಕ್ಕೆ ಬಿದ್ದ ಹಣ್ಣನ್ನು ಎರಡು ಮೂರು ದಿನ ಆಯದೆ ಬಿಟ್ಟರೆ ಅಪಾಯ ಇನ್ನೂ ಹೆಚ್ಚು. ಅದಕ್ಕಾಗಿಯೇ ಅಲ್ಲಿನ ರೈತರಿಗೆ ದಿನವೂ ಆಯಿರಿ, ಮಣ್ಣಿನ ಮೇಲೆ ಒಣಗಿಸಬೇಡಿ ಎಂದು ತಜ್ಞರು ಹೇಳುತ್ತಲೇ ಇರುತ್ತಾರೆ.

ಅಂಜೂರ ರಫ್ತು ಮಾಡುವ ಅಲ್ಲಿನ ಕಾರ್ಖಾನೆಗಳಲ್ಲಿ ಒಂದು ಕತ್ತಲೆ ಕೋಣೆ ಇರುತ್ತದೆ. ಸಾಗುವ ಪಟ್ಟಿಯ ಮೇಲೆ ಹಣ್ಣುಗಳು ಬರುತ್ತವೆ, ಮೇಲಿನಿಂದ ನೇರಳಾತೀತ ದೀಪದ ಬೆಳಕು. ಬೂಷ್ಟು ಹಿಡಿದ ಹಣ್ಣು ಆ ಬೆಳಕಿನಲ್ಲಿ ಹಸಿರು ಮಿಶ್ರಿತ ಹಳದಿಯಾಗಿ ಮಿನುಗುತ್ತದೆ. ಸಾಲಾಗಿ ಕೂತ ಕೆಲಸಗಾರರು, ಹೆಚ್ಚಾಗಿ ಹೆಂಗಸರು, ಅದನ್ನು ಆಯ್ದು ತೆಗೆಯುತ್ತಾರೆ. ಇಲ್ಲೊಂದು ಸ್ವಾರಸ್ಯ. ಹೊಳೆಯುವುದು ಅಫ್ಲಾಟಾಕ್ಸಿನ್ ಅಲ್ಲ. ಅದೇ ಬೂಷ್ಟು ತಯಾರಿಸುವ ಕೋಜಿಕ್ ಆಮ್ಲ ಎಂಬ ಇನ್ನೊಂದು ವಸ್ತುವಿನಿಂದ ಹುಟ್ಟಿದ ಹೊಳಪು ಅದು. ಕಳ್ಳ ಸಿಗದಿದ್ದರೂ ಕಳ್ಳನ ಜೊತೆಗಾರ ಸಿಕ್ಕಂತೆ. ಆದ್ದರಿಂದ ಹೊಳೆದ ಹಣ್ಣಿನಲ್ಲೆಲ್ಲ ನಂಜು ಇರಲೇಬೇಕೆಂದಿಲ್ಲ, ಹೊಳೆಯದ್ದೆಲ್ಲ ಶುದ್ಧವೆಂದೂ ಅಲ್ಲ. ನಮ್ಮ ಹುಡುಗನೊಬ್ಬ ನೋಟು ಪರೀಕ್ಷಿಸುವ ನೇರಳೆ ಟಾರ್ಚ್ ತಂದು, ಮನೆಯ ಡಬ್ಬಿಯಲ್ಲಿದ್ದ ಅಂಜೂರದ ಮೇಲೆ ಬಿಟ್ಟು, "ಎಲ್ಲಾ ಪಾಸ್ ಸಾರ್" ಎಂದು ಬಂದು ಹೇಳಿದ. ಉತ್ಸಾಹ ಮೆಚ್ಚಿದೆ. ಆದರೆ ಕಾರ್ಖಾನೆಯ ದೀಪ 365 ನ್ಯಾನೋಮೀಟರಿನದು; ಅಗ್ಗದ ಟಾರ್ಚ್‌ಗಳಲ್ಲಿ ಬಹಳಷ್ಟು 395ರ ಆಸುಪಾಸಿನವು. ಅವುಗಳಿಂದ ನೇರಳೆ ಬಣ್ಣವೇ ಕಣ್ಣಿಗೆ ರಾಚಿ ಮಂದ ಹೊಳಪು ಮುಚ್ಚಿಹೋಗುತ್ತದೆ. ಅಂತಹ ಪರೀಕ್ಷೆಯ ಬಲದ ಮೇಲೆ ಯಾರೂ ಹಣ್ಣಿಗೆ ಪಾಸ್ ಅಂಕ ಕೊಡಬಾರದು.

ನಮ್ಮ ಅಂಗಡಿಗಳಲ್ಲಿ ಹಗ್ಗಕ್ಕೆ ಪೋಣಿಸಿ ಹಾರದಂತೆ ತೂಗುಹಾಕುವ ಅಂಜೂರ ಸಾಮಾನ್ಯವಾಗಿ ಅಫ್ಘಾನಿಸ್ತಾನದ್ದು. ಊರು ಬೇರೆಯಾದರೂ ಹಣ್ಣಿನ ಒಳರಚನೆ ಅದೇ, ಬೂಷ್ಟಿನ ಸ್ವಭಾವವೂ ಅದೇ.

ಇನ್ನು ಒಣದ್ರಾಕ್ಷಿ. ಇದು ನಮ್ಮದೇ ನಾಡಿನ ಬೆಳೆ. ವಿಜಯಪುರ, ಬಾಗಲಕೋಟೆ ಕಡೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೋದವರು ಹೊಲಗಳ ನಡುವೆ ಉದ್ದುದ್ದ ಚಪ್ಪರಗಳನ್ನೂ ಅವುಗಳಲ್ಲಿ ಅಂತಸ್ತು ಅಂತಸ್ತಾಗಿ ಬಿಗಿದ ಬಲೆಗಳನ್ನೂ ನೋಡಿರಬಹುದು. ಬೀಜವಿಲ್ಲದ ದ್ರಾಕ್ಷಿ ಗೊಂಚಲನ್ನು ಪೊಟ್ಯಾಸಿಯಂ ಕಾರ್ಬೋನೇಟ್ ಮತ್ತು ಎಥೈಲ್ ಓಲಿಯೇಟ್ ಬೆರೆಸಿದ ನೀರಿನಲ್ಲಿ ಅದ್ದುತ್ತಾರೆ. ಹಣ್ಣಿನ ಸಿಪ್ಪೆಯ ಮೇಲಿನ ಮೇಣದ ಪದರ ಇದರಿಂದ ಸಡಿಲವಾಗಿ ನೀರು ಬೇಗ ಹೊರಬರುತ್ತದೆ. ನೆರಳಿನಲ್ಲಿ ಗಾಳಿಗೆ ಹರವಿದರೆ ಎರಡು ವಾರದೊಳಗೆ ಒಣದ್ರಾಕ್ಷಿ ಸಿದ್ಧ. ನಾಲ್ಕು ಕಿಲೋ ಹಣ್ಣಿಗೆ ಹೆಚ್ಚುಕಡಿಮೆ ಒಂದು ಕಿಲೋ. ಈ ಲೆಕ್ಕವನ್ನು ನೆನಪಿಡಿ. ನೀರು ಹೋಗುತ್ತದೆ, ನಂಜಿದ್ದರೆ ಅದು ಹೋಗುವುದಿಲ್ಲ. ಹಸಿ ಹಣ್ಣಿನಲ್ಲಿ ಒಂದು ಪಾಲಿದ್ದದ್ದು ಒಣಗಿದ ಮೇಲೆ ತೂಕಕ್ಕೆ ನಾಲ್ಕು ಪಾಲಾಗುತ್ತದೆ.

ದ್ರಾಕ್ಷಿಯ ಶತ್ರು ಬೇರೆ ಬೂಷ್ಟು: ಆಸ್ಪರ್ಜಿಲಸ್ ಕಾರ್ಬೊನೇರಿಯಸ್. ಹೆಸರೇ ಹೇಳುವಂತೆ ಇದ್ದಿಲಿನಂತೆ ಕಪ್ಪು. ಕಪ್ಪು ಬಣ್ಣದ ಬೀಜಕಕ್ಕೆ ಬಿಸಿಲಿನ ನೇರಳಾತೀತ ಕಿರಣಗಳನ್ನು ತಡೆದುಕೊಳ್ಳುವ ಶಕ್ತಿ ಹೆಚ್ಚು. ಅಂದರೆ ಬಿಸಿಲಿಗಿಟ್ಟರೆ ಬೂಷ್ಟೆಲ್ಲ ಸಾಯುತ್ತದೆಂಬ ನಮ್ಮ ನಂಬಿಕೆಗೆ ಇದು ಜಗ್ಗುವುದಿಲ್ಲ. ಹಣ್ಣು ಒಡೆದಿದ್ದರೆ, ಹುಳ ಕೊರೆದಿದ್ದರೆ, ಒಣಗುವ ಹೊತ್ತಿಗೆ ಅಕಾಲಿಕ ಮಳೆ ಬಂದರೆ ಇದಕ್ಕೆ ಹಬ್ಬ. ಕಪ್ಪು ಒಣದ್ರಾಕ್ಷಿಯ ಮೇಲೆ ಕಪ್ಪು ಬೂಷ್ಟು ಕೂತರೆ ಯಾರಿಗೆ ಕಾಣಬೇಕು? ಇದು ತಯಾರಿಸುವ ನಂಜಿಗೆ ಓಕ್ರಟಾಕ್ಸಿನ್-ಎ ಎಂದು ಹೆಸರು. 1965ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಇನ್ನೊಂದು ಬೂಷ್ಟಿನಲ್ಲಿ ಮೊದಲು ಪತ್ತೆಯಾದದ್ದು. ಅಫ್ಲಾಟಾಕ್ಸಿನ್ ಯಕೃತ್ತಿಗೆ ಬೀಳುವಂತೆ ಇದು ಮೂತ್ರಪಿಂಡಕ್ಕೆ ಬೀಳುತ್ತದೆ. ಡೆನ್ಮಾರ್ಕಿನ ಹಂದಿಗಳಲ್ಲಿ ಇದು ಮೂತ್ರಪಿಂಡ ಕೆಡಿಸುವುದು ಸ್ಪಷ್ಟವಾಗಿ ಸಾಬೀತಾಗಿದೆ. ಮನುಷ್ಯನ ರಕ್ತಕ್ಕೆ ಸೇರಿದರೆ ಅರ್ಧ ಪಾಲು ಹೊರಹೋಗಲು ಸುಮಾರು 35 ದಿನ ಬೇಕು. ಬಾಲ್ಕನ್ ದೇಶಗಳ ಹಳ್ಳಿಗಳಲ್ಲಿ ಕಾಣುತ್ತಿದ್ದ ಒಂದು ವಿಚಿತ್ರ ಮೂತ್ರಪಿಂಡ ರೋಗಕ್ಕೂ ಇದೇ ಕಾರಣವೆಂದು ಬಹಳ ವರ್ಷ ನಂಬಿದ್ದರು. ಅಲ್ಲ, ಗೋಧಿಯೊಡನೆ ಸೇರಿಹೋಗುತ್ತಿದ್ದ ಕಳೆಯೊಂದರ ಬೀಜವೇ ಮುಖ್ಯ ಕಾರಣ ಎಂದು ಈಗ ಬಹುಪಾಲು ವಿಜ್ಞಾನಿಗಳು ಒಪ್ಪಿದ್ದಾರೆ. ಆ ಕಳೆ ನಮ್ಮ ಈಶ್ವರಿ ಬಳ್ಳಿಯ ಸಂಬಂಧಿ. ಮಾಡದ ತಪ್ಪನ್ನು ಬೂಷ್ಟಿನ ತಲೆಗೂ ಕಟ್ಟಬಾರದು ನೋಡಿ.

ಹಾಗಾದರೆ ಒಣಗಿಸುವುದೇ ತಪ್ಪೆ? ಖಂಡಿತ ಅಲ್ಲ. ಆಹಾರ ಕೆಡದಂತೆ ಇಡಲು ಮನುಷ್ಯ ಕಂಡುಕೊಂಡ ಅತಿ ಹಳೆಯ ಉಪಾಯ ಅದು. ಸೂಕ್ಷ್ಮಜೀವಿಗೆ ನೀರು ಇದ್ದರೆ ಸಾಲದು, ಅದರ ಕೈಗೆ ಸಿಗುವಂತಿರಬೇಕು. ಸಕ್ಕರೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಶುದ್ಧ ನೀರಿಗೆ 1 ಎಂಬ ಅಂಕ ಕೊಟ್ಟರೆ, ಹಸಿ ಹಣ್ಣಿನದು ಅದಕ್ಕೆ ಬಹಳ ಹತ್ತಿರ. 0.9ರ ಹತ್ತಿರ ಬಂದಾಗ ಹೆಚ್ಚಿನ ಬ್ಯಾಕ್ಟೀರಿಯಾಗಳು ಕೈಚೆಲ್ಲುತ್ತವೆ. ಆದರೆ ಆಸ್ಪರ್ಜಿಲಸ್ ಫ್ಲೇವಸ್ ಸುಮಾರು 0.8ರವರೆಗೂ ಬೆಳೆಯಬಲ್ಲದು. ಚೆನ್ನಾಗಿ ಒಣಗಿದ ಹಣ್ಣು 0.6ರ ಆಸುಪಾಸಿನಲ್ಲಿ ನಿಲ್ಲುತ್ತದೆ; ಅಲ್ಲಿ ಇದಕ್ಕೂ ಜಾಗವಿಲ್ಲ. 0.9ರಿಂದ 0.8ಕ್ಕೆ ಇಳಿಯುವ ನಡುವಿನ ಹಾದಿ ಇದೆಯಲ್ಲ, ಅಲ್ಲಿ ಪೈಪೋಟಿಗೆ ಬ್ಯಾಕ್ಟೀರಿಯಾಗಳಿಲ್ಲ, ಬೂಷ್ಟಿನದೇ ರಾಜ್ಯ. ಆ ಹಾದಿಯನ್ನು ಹಣ್ಣು ಬೇಗ ದಾಟಿದರೆ ಸರಿ. ಮೋಡ ಕವಿದು, ರಾತ್ರಿ ಇಬ್ಬನಿ ಬಿದ್ದು, ವಾರಗಟ್ಟಲೆ ಅಲ್ಲೇ ನಿಂತರೆ ಕೆಲಸ ಕೆಟ್ಟಿತು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಮುಚ್ಚಳ ತೆರೆದಿಟ್ಟ ಒಣಹಣ್ಣು ಗಾಳಿಯ ತೇವ ಹೀರಿ ಅದೇ ಹಾದಿಯಲ್ಲಿ ಹಿಂದಕ್ಕೆ ಬರುತ್ತದೆ ಎಂಬುದನ್ನೂ ಮರೆಯಬೇಡಿ.

ಈಗ ಎಲ್ಲರೂ ಕೇಳುವ ಪ್ರಶ್ನೆ: ತಿಂದರೆ ಏನಾಗುತ್ತದೆ? ನಮ್ಮ ದೇಶದಲ್ಲೇ ಇದಕ್ಕೆ ದುಃಖದ ಉತ್ತರವಿದೆ. 1974ರ ಕೊನೆಯಲ್ಲಿ ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳ ಆದಿವಾಸಿ ಹಳ್ಳಿಗಳಲ್ಲಿ ಜನರಿಗೆ ಕಾಮಾಲೆ ಬಂತು, ಹೊಟ್ಟೆಯಲ್ಲಿ ನೀರು ತುಂಬಿತು. 397 ಜನರಿಗೆ ಕಾಯಿಲೆಯಾಗಿ 106 ಮಂದಿ ಸತ್ತರು. ಅದೇ ಮನೆಯ ಊಟ ತಿಂದ ನಾಯಿಗಳಿಗೂ ಅದೇ ಗತಿ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯವರು ಹೋಗಿ ನೋಡಿದಾಗ ಕಂಡದ್ದು ಕೊಯ್ಲಿನ ಹೊತ್ತಿಗೆ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳ. ಆ ಜನ ದಿನಕ್ಕೆ 2ರಿಂದ 6 ಮಿಲಿಗ್ರಾಂ ಅಫ್ಲಾಟಾಕ್ಸಿನ್ ತಿಂದಿರಬೇಕು, ಅದೂ ವಾರಗಟ್ಟಲೆ, ಎಂದು ಅಂದಾಜು ಮಾಡಿದರು. ಜೋಳ ಕೆಟ್ಟಿದೆ ಎಂದು ಅವರ ಕಣ್ಣಿಗೆ ಕಾಣುತ್ತಿರಲಿಲ್ಲವೇ? ಕಾಣುತ್ತಿತ್ತು. ಮನೆಯಲ್ಲಿ ತಿನ್ನಲು ಬೇರೇನಿತ್ತು? ನಮ್ಮ ರಾಜ್ಯವೂ ಇದಕ್ಕೆ ಹೊರತಲ್ಲ. 1995ರಲ್ಲಿ ಕರ್ನಾಟಕ ಮತ್ತು ಆಂಧ್ರದ ಕೆಲವು ಹಳ್ಳಿಗಳಲ್ಲಿ ಅಕಾಲಿಕ ಮಳೆಗೆ ನೆನೆದ ಜೋಳ, ಮೆಕ್ಕೆಜೋಳ ತಿಂದವರಿಗೆ ಹೊಟ್ಟೆನೋವು, ಭೇದಿ ಹಿಡಿದಿತ್ತು. ಅಲ್ಲಿ ಕಂಡದ್ದು ಫ್ಯುಮೋನಿಸಿನ್ ಎಂಬ ಬೇರೊಂದು ಬೂಷ್ಟಿನ ನಂಜು.

ಒಣಹಣ್ಣಿನಿಂದ ಇಂತಹ ಸಾವು ಸಂಭವಿಸುವುದು ಕಷ್ಟ. ಯಾಕೆ ಎಂದು ಮಕ್ಕಳು ತಾವೇ ಲೆಕ್ಕ ಮಾಡಬಹುದು. ಒಣ ಅಂಜೂರಕ್ಕೆ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನಕ ಸಂಸ್ಥೆ ಹಾಕಿದ ಮಿತಿ ಕಿಲೋಗೆ 10 ಮೈಕ್ರೋಗ್ರಾಂ, ಅಂದರೆ ನೂರು ಕೋಟಿಯಲ್ಲಿ ಹತ್ತು ಪಾಲು. ಮೂವತ್ತೆರಡು ವರ್ಷಗಳಲ್ಲಿ ಹತ್ತು ಸೆಕೆಂಡು ಎಂದರೆ ಎಷ್ಟೋ ಅಷ್ಟು. 20 ಗ್ರಾಂ ತೂಗುವ ಅಂಜೂರದಲ್ಲಿ ಆ ಮಿತಿಯ ಪ್ರಕಾರ ಇರಬಹುದಾದದ್ದು 0.2 ಮೈಕ್ರೋಗ್ರಾಂ. 2 ಮಿಲಿಗ್ರಾಂ ಆಗಬೇಕಾದರೆ ಹತ್ತು ಸಾವಿರ ಅಂಜೂರ ತಿನ್ನಬೇಕು. ಒಣದ್ರಾಕ್ಷಿಯಲ್ಲಿನ ಓಕ್ರಟಾಕ್ಸಿನ್‌ಗೆ ಯೂರೋಪ್ ಒಕ್ಕೂಟ ಕಿಲೋಗೆ 10 ಮೈಕ್ರೋಗ್ರಾಂ ಎಂದಿದ್ದದ್ದನ್ನು 2023ರಿಂದ 8ಕ್ಕೆ ಇಳಿಸಿದೆ.

ಆದರೆ ಈ ಲೆಕ್ಕದಿಂದ ಪೂರ್ತಿ ನೆಮ್ಮದಿ ಪಡುವಂತಿಲ್ಲ, ಎರಡು ಕಾರಣಕ್ಕೆ. ನಂಜು ಎಲ್ಲ ಹಣ್ಣಿನಲ್ಲೂ ಸಮನಾಗಿ ಹರಡಿರುವುದಿಲ್ಲ. ನೂರಾರು ಹಣ್ಣು ಶುದ್ಧವಾಗಿದ್ದು ಒಂದೇ ಒಂದರಲ್ಲಿ ಮಿತಿಯ ನೂರಾರು ಪಟ್ಟು ಇರುವುದುಂಟು. ಅದಕ್ಕಾಗಿಯೇ ಯೂರೋಪಿನಲ್ಲಿ ದೊಡ್ಡ ಸರಕನ್ನು ಪರೀಕ್ಷಿಸುವಾಗ ನೂರು ಕಡೆಯಿಂದ ಸ್ವಲ್ಪ ಸ್ವಲ್ಪ ತೆಗೆದು ಒಟ್ಟು 30 ಕಿಲೋ ಅಂಜೂರ ಕೂಡಿಸಿ ಅರೆಯುತ್ತಾರೆ. ಎರಡನೆಯದು ಕ್ಯಾನ್ಸರ್. ಯಕೃತ್ತಿನ ಕಿಣ್ವಗಳು ಅಫ್ಲಾಟಾಕ್ಸಿನ್ ಬಿ1 ಅನ್ನು ಹೊರಹಾಕಲು ಹೋಗಿ ಅದನ್ನು ಇನ್ನೂ ಚುರುಕಾದ ವಸ್ತುವಾಗಿ ಮಾರ್ಪಡಿಸುತ್ತವೆ. ಅದು ನಮ್ಮ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಮನುಷ್ಯನಿಗೆ ಕ್ಯಾನ್ಸರ್ ತರುತ್ತದೆ ಎಂದು ಖಚಿತವಾಗಿ ಗೊತ್ತಿರುವ ವಸ್ತುಗಳ ಮೊದಲ ಪಟ್ಟಿಯಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಸೇರಿಸಿದೆ. ಓಕ್ರಟಾಕ್ಸಿನ್ ಅದಕ್ಕಿಂತ ಕೆಳಗಿನ, 'ಇರಬಹುದು' ಎಂಬ ಪಟ್ಟಿಯಲ್ಲಿದೆ. ಇಂತಹ ವಿಷಕ್ಕೆ ಇಷ್ಟರವರೆಗೆ ಪರವಾಗಿಲ್ಲ ಎಂಬ ಗೆರೆ ಇರುವುದಿಲ್ಲ. ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

ಚೀನಾದ ಶಾಂಘೈನಲ್ಲಿ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ತಂದೆ ತಾಯಿಯರಿಗೆ ಹೇಳಲೇಬೇಕು. ಅಫ್ಲಾಟಾಕ್ಸಿನ್ ದೇಹ ಸೇರಿದವರಿಗೆ ಯಕೃತ್ತಿನ ಕ್ಯಾನ್ಸರಿನ ಸಂಭವ ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚು, ಹೆಪಟೈಟಿಸ್-ಬಿ ಸೋಂಕಿದ್ದವರಿಗೆ ಏಳು ಪಟ್ಟು. ಎರಡೂ ಇದ್ದವರಿಗೆ? ಹತ್ತಲ್ಲ, ಸುಮಾರು ಅರವತ್ತು ಪಟ್ಟು. ಹೆಪಟೈಟಿಸ್-ಬಿ ಲಸಿಕೆ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ, ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸು. ದೊಡ್ಡ ಮಕ್ಕಳಿಗೆ ಹಾಕಿಸಿದೆಯೋ ಇಲ್ಲವೋ ಎಂದು ಲಸಿಕೆ ಕಾರ್ಡು ಹುಡುಕಿ ನೋಡುವುದು ಒಳ್ಳೆಯದು.

ಮಗಳ ಬಾಣಂತನಕ್ಕೆ ಮನೆಯಲ್ಲಿ ಅಂಟಿನುಂಡೆ ಕಟ್ಟಿದ್ದು ಈ ಮಾತಿನೊಡನೆ ನೆನಪಾಗುತ್ತದೆ. ನನ್ನ ಹೆಂಡತಿ ಉತ್ತರ ಕರ್ನಾಟಕದವಳು; ಅವಳ ಲೆಕ್ಕದಲ್ಲಿ ಅಂಟಿನುಂಡೆ ಇಲ್ಲದ ಬಾಣಂತನ ಬಾಣಂತನವೇ ಅಲ್ಲ. ಕೊಬ್ಬರಿ, ಉತ್ತತ್ತಿ, ಒಣದ್ರಾಕ್ಷಿ, ಅಂಜೂರ, ಬೆಲ್ಲ ಎಲ್ಲ ಹರವಿ ಕೂತಿದ್ದಳು. ನಾನು ಪಕ್ಕದಲ್ಲಿ ಕೂತು ಒಂದೊಂದೇ ಅಂಜೂರ ಬಿಡಿಸುತ್ತ ಹೋದೆ. ಅರ್ಧ ಕಿಲೋದಲ್ಲಿ ಮೂರು ಹಣ್ಣಿನ ಒಳಗೆ ಬೂದಿಯಂತಹ ಪುಡಿ, ಒಂದರಲ್ಲಿ ಕಪ್ಪು ಮಸಿ. ಕೊಬ್ಬರಿಯ ಎರಡು ಹೋಳಿನಲ್ಲಿ ಹಳದಿ ಹಸಿರು ಕಲೆ. ಕೊಬ್ಬರಿಯೂ ಈ ಬೂಷ್ಟಿಗೆ ಪ್ರಿಯವಾದದ್ದೇ. "ಅಷ್ಟು ಭಾಗ ಹೆರೆದು ತೆಗೆದರಾಯಿತು, ತುಪ್ಪದಲ್ಲಿ ಹುರಿಯುತ್ತೇನಲ್ಲ" ಎಂದಳು. ಅಫ್ಲಾಟಾಕ್ಸಿನ್ ಬಿ1 ಒಡೆಯಬೇಕಾದರೆ ಉಷ್ಣತೆ 268 ಡಿಗ್ರಿ ಸೆಂಟಿಗ್ರೇಡಿನ ಹತ್ತಿರ ಹೋಗಬೇಕು. ಕುದಿಯುವ ನೀರು 100, ಪೂರಿ ಕರಿಯುವ ಎಣ್ಣೆ 180ರ ಸುಮಾರು. ಹುರಿದರೆ ಸ್ವಲ್ಪ ಕಡಿಮೆಯಾದೀತು, ಹೋಗುವುದಿಲ್ಲ. ಉಂಡೆ ತಿನ್ನುವವಳು ಬಾಣಂತಿ, ಎದೆಹಾಲು ಕುಡಿಯುವುದು ಹತ್ತು ದಿನದ ಕೂಸು.

"ಹಾಗಾದರೆ ಪಕ್ಕದ ಮನೆ ಹಸುವಿಗಾದರೂ ಹಾಕೋಣ, ಬಿಸಾಡಿದರೆ ಪಾಪ" ಎಂದಳು. ನಮ್ಮ ಮನೆಗಳಲ್ಲಿ ಎಲ್ಲ ಕೆಟ್ಟ ಪದಾರ್ಥದ ಕೊನೆಯ ನಿಲ್ದಾಣ ಹಸು, ಇಲ್ಲವೇ ಮನೆಗೆಲಸಕ್ಕೆ ಬರುವವಳ ಚೀಲ. ಎರಡನೆಯದರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ನಮ್ಮ ಮಕ್ಕಳಿಗೆ ಆಗದ್ದು ಅವಳ ಮಕ್ಕಳಿಗೆ ಹೇಗೆ ಆದೀತು? ಹಸುವಿನ ವಿಷಯಕ್ಕೆ ಮಾತ್ರ ವಿಜ್ಞಾನ ನೇರ ಉತ್ತರ ಕೊಡುತ್ತದೆ. ಹಸು ತಿಂದ ಬಿ1 ಅದರ ಯಕೃತ್ತಿನಲ್ಲಿ ಎಂ1 ಎಂಬ ರೂಪ ತಾಳಿ, ದಿನದೊಳಗೇ ಹಾಲಿನಲ್ಲಿ ಬರತೊಡಗುತ್ತದೆ. ಎಂ ಎಂದರೆ ಮಿಲ್ಕ್, ಹಾಲು. ಹೆಂಗಸರ ಎದೆಹಾಲಿನಲ್ಲೂ ಇದೇ ಎಂ1 ಸಿಕ್ಕಿದೆ. ಹಾಲು ಕಾಯಿಸಿದರೂ ಇದು ಹೋಗದು. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಮಾಡಿಸಿದ ಹಾಲಿನ ಸಮೀಕ್ಷೆಯಲ್ಲಿ 6,432 ಮಾದರಿಗಳ ಪೈಕಿ 368ರಲ್ಲಿ, ಅಂದರೆ ಶೇಕಡಾ 5.7ರಲ್ಲಿ, ಎಂ1 ಮಿತಿ ಮೀರಿತ್ತು. ಇದಕ್ಕೆ ಅಂಜೂರವಲ್ಲ, ಬೂಷ್ಟು ಹಿಡಿದ ಹಿಂಡಿ, ಮೇವು ಕಾರಣ. ಆದರೆ ದಾರಿ ಒಂದೇ. ನಾವು ಹಸುವಿನ ಬಾಯಿಗೆ ಹಾಕಿದ್ದು ಮರುದಿನ ನಮ್ಮ ಕಾಫಿಗೆ ಬರುತ್ತದೆ. ಕೊನೆಗೆ ಆ ಹಣ್ಣು, ಕೊಬ್ಬರಿಗಳನ್ನು ಹಿತ್ತಲಿನಲ್ಲಿ ಗುಂಡಿ ತೋಡಿ ಹೂತೆ.

ಅದನ್ನು ನೋಡುತ್ತಿದ್ದ ಪಕ್ಕದ ಮನೆಯ ಹಿರಿಯರು, "ನಾವೆಲ್ಲ ಇಂಥದ್ದನ್ನೇ ತಿಂದು ಎಪ್ಪತ್ತೈದು ದಾಟಿಲ್ಲವೇ ಮೇಷ್ಟ್ರೇ?" ಎಂದರು. ದಾಟಿದ್ದಾರೆ, ಸಂತೋಷ. ಆದರೆ ಈ ವಾದ ಮಾಡಲು ದಾಟಿದವರು ಮಾತ್ರ ಉಳಿದಿರುತ್ತಾರೆ. ದಾಟದವರಿಗೆ ಯಕೃತ್ತು ಯಾಕೆ ಕೆಟ್ಟಿತು ಎಂದು ಆಗಿನ ಕಾಲದಲ್ಲಿ ಯಾರು ಪರೀಕ್ಷೆ ಮಾಡಿದ್ದರು?

ಹೀಗೆಂದು ಬಿಳಿ ಪುಡಿ ಕಂಡ ತಕ್ಷಣ ಹಣ್ಣನ್ನೆಲ್ಲ ಎಸೆಯಬೇಡಿ. ಅಂಜೂರ, ಖರ್ಜೂರ, ಒಣದ್ರಾಕ್ಷಿ ಹಳತಾದಂತೆ ಒಳಗಿನ ಸಕ್ಕರೆ ಹರಳಾಗಿ ಮೇಲೆ ಬರುತ್ತದೆ. ಬೂಷ್ಟೋ ಸಕ್ಕರೆಯೋ ಎಂದು ತಿಳಿಯಲು ಶಾಲೆಯ ಭೂತಗನ್ನಡಿ ಸಾಕು. ಸಕ್ಕರೆ ಹರಳು ಗಟ್ಟಿ, ಹೊಳೆಯುತ್ತದೆ, ಬೆಚ್ಚನೆ ನೀರಿನಲ್ಲಿ ಒಂದೆರಡು ನಿಮಿಷಕ್ಕೆ ಕರಗುತ್ತದೆ. ಬೂಷ್ಟು ಹತ್ತಿಯಂತೆ ಎಳೆಎಳೆ, ಕರಗುವುದಿಲ್ಲ. ಪ್ರಯೋಗದ ಹೆಸರಿನಲ್ಲಿ ಮಕ್ಕಳು ಬೂಷ್ಟನ್ನು ಮೂಸಿ ನೋಡುವುದು ಮಾತ್ರ ಬೇಡ. ಬೀಜಕ ಮೂಗಿಗೆ ಹೋದರೆ ಉಬ್ಬಸವಿರುವ ಮಕ್ಕಳಿಗೆ ತೊಂದರೆ.

ಅಂಜೂರವನ್ನು ಇಡಿಯಾಗಿ ಬಾಯಿಗೆ ಹಾಕದೆ ಬಿಡಿಸಿ ನೋಡಿ ತಿನ್ನುವುದು, ಒಳಗೆ ಮಸಿಯೋ ಬೂದಿಯೋ ಹಸಿರು ಪುಡಿಯೋ ಕಂಡರೆ ಆ ಹಣ್ಣನ್ನು ಪೂರ್ತಿ ಬಿಡುವುದು, ಕಹಿ ಹತ್ತಿದ್ದನ್ನು ನುಂಗದೆ ಉಗುಳುವುದು, ಇಷ್ಟು ಮಕ್ಕಳಿಗೂ ಸಾಧ್ಯ. ತಿಂಗಳಿಗೆ ಬೇಕಾದಷ್ಟೇ ಕೊಂಡು ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಡಿ. ಮಳೆಗಾಲದಲ್ಲಿ ಫ್ರಿಜ್ ಒಳ್ಳೆಯದು. ತೆಗೆದ ಕೂಡಲೇ ಮುಚ್ಚಳ ಬಿಚ್ಚಿದರೆ ಒಳಗೆಲ್ಲ ಬೆವರು ಕೂರುತ್ತದೆ, ಸ್ವಲ್ಪ ಹೊತ್ತು ಹೊರಗಿಟ್ಟು ತೆರೆಯಿರಿ. ನೆನೆಸಿಟ್ಟ ದ್ರಾಕ್ಷಿಯನ್ನು ಮೂರು ದಿನ ಇಟ್ಟುಕೊಳ್ಳುವ ರೂಢಿ ಕೆಲವರಿಗಿದೆ, ಅದು ಬೇಡ.

ಕಳೆದ ದೀಪಾವಳಿಯ ಹೊತ್ತಿಗೆ ಪೇಟೆಯ ಅಂಗಡಿಯೊಂದರಲ್ಲಿ ಅಂಜೂರದ ಚೂರು, ಪುಡಿ ಎಂದು ಪೊಟ್ಟಣ ಕಟ್ಟಿಟ್ಟಿದ್ದರು. ಇಡೀ ಹಣ್ಣಿನ ಅರ್ಧ ಬೆಲೆ. ಬರ್ಫಿಗೆ, ಉಂಡೆಗೆ ಜನ ಕೈತುಂಬ ಕೊಳ್ಳುತ್ತಿದ್ದರು. ಯಾವ ಹಣ್ಣನ್ನು ಚೂರು ಮಾಡಿದ್ದೀರಿ, ಆಯ್ದು ಬಿಟ್ಟದ್ದನ್ನೋ ಎಂದು ಕೇಳಿದೆ. "ಮೇಲಿಂದ ಹಾಗೇ ಬರುತ್ತೆ ಸಾರ್, ನಮಗೇನು ಗೊತ್ತು" ಎಂದ ಅಂಗಡಿಯವನು. ಅವನು ಹೇಳಿದ್ದು ನಿಜವೇ ಇರಬೇಕು. ಪುಡಿಯನ್ನು ಬಿಡಿಸಿ ನೋಡುವುದು ನನ್ನಿಂದಲೂ ಸಾಧ್ಯವಿರಲಿಲ್ಲ. ಕಾಲು ಕಿಲೋ ಇಡೀ ಅಂಜೂರ ಕಟ್ಟಿಸಿಕೊಂಡು ಬಂದೆ.